ಅಕ್ಕನಿಗೋಸ್ಕರ ಮಾಡಿದ ಬಾಡಿಗೆ ಮನೆ

ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಲೇಬೇಕು ಎಂದು ಡಾಕ್ಟರು ಹೇಳಿದ ಮೇಲೂ ಕೆಲವು ತಿಂಗಳು ನಾವು ಊರಿನಿಂದಲೇ ಓಡಾಡಿದೆವು. ಹಾಗಲವಾಡಿ ಹತ್ತಿರದ ನಮ್ಮೂರಿನಿಂದ ಗುಬ್ಬಿಗೆ ಒಂದು ಬಸ್ಸು, ಅಲ್ಲಿಂದ ತುಮಕೂರಿಗೆ ಇನ್ನೊಂದು. ಹೋಗುವಾಗ ಹೇಗೋ ಆಗುತ್ತಿತ್ತು. ಬರುವಾಗ ಅವಳು ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಒಂದು ಸಾಯಂಕಾಲ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯಲಾರದೆ ಹೋದಾಗ ಕಂಡಕ್ಟರೂ ನಾನೂ ಸೇರಿ ಇಳಿಸಿದೆವು. ಕಲ್ಲುಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡ ಮೇಲೆ ಹೇಳಿದಳು: "ಇನ್ನ ಆಗಲ್ಲ ಕಣೇ. ತುಮಕೂರಲ್ಲೇ ಎಲ್ಲಾದ್ರೂ ಒಂದ್ ಮನೆ ನೋಡು."

ಆ ಮಾತು ಅವಳ ಬಾಯಿಂದ ಸುಲಭವಾಗಿ ಬಂದದ್ದಲ್ಲ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪ ಹೋದ ಮೇಲೆ ತೆಂಗಿನ ತೋಟವನ್ನೂ ರಾಗಿ ಹೊಲವನ್ನೂ ತಾನೇ ನಿಂತು ನೋಡಿಕೊಂಡಳು, ನನ್ನನ್ನು ಓದಿಸಿದಳು. ನಾನು ಗುಬ್ಬಿ ಪಕ್ಕದ ಸರ್ಕಾರಿ ಶಾಲೆಯಲ್ಲಿ ಟೀಚರ್ ಆದೆ, ಮದುವೆಯಾಗಲಿಲ್ಲ. ಸಂಸಾರವೆಂದರೆ ನಾವಿಬ್ಬರೇ.

ಭಾನುವಾರಗಳಲ್ಲಿ ತುಮಕೂರಿನ ಬೀದಿ ಬೀದಿ ಅಲೆದು 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಕಂಡಲ್ಲೆಲ್ಲ ಬಾಗಿಲು ತಟ್ಟಿದೆವು. ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ ಎಂದು ಕೇಳಿದವರಿದ್ದರು, ಯಾವ ಜನ ಎಂದು ಕೇಳಿದವರಿದ್ದರು. ಅವಕ್ಕೆಲ್ಲ ಉತ್ತರ ಹೇಳಬಹುದಿತ್ತು. ಶೆಟ್ಟಿಹಳ್ಳಿ ಕಡೆ ಒಬ್ಬಾಕೆ ಅಡುಗೆಮನೆಯ ನಲ್ಲಿ ತಿರುಗಿಸಿ ತೋರಿಸುವವರೆಗೂ ಚೆನ್ನಾಗಿಯೇ ಮಾತಾಡಿದರು. ಆಮೇಲೆ ಅಕ್ಕನ ಎಡಗೈಯ ಪಟ್ಟಿ ಕಣ್ಣಿಗೆ ಬಿತ್ತು. ನಾನು ವಿಷಯ ಹೇಳಿದೆ. ಆಕೆಗೆ ಕೂಡಲೇ ಯಾರೋ ನೆಂಟರಿಗೆ ಮಾತು ಕೊಟ್ಟದ್ದು ನೆನಪಾಯಿತು. ಮುಂದಿನ ಭಾನುವಾರ ಅದೇ ಬೀದಿಯಲ್ಲಿ ಹೋದಾಗ ಬೋರ್ಡು ಹಾಗೇ ನೇತಾಡುತ್ತಿತ್ತು.

"ಅಂಟೋ ಕಾಯಿಲೆ ಅಲ್ಲ ಅಂತ ಹೇಳಿದ್ನಲ್ಲ ಅಕ್ಕ," ಎಂದೆ.

"ಅಂಟ್ತದೆ ಅಂತ ಎದ್ರಿಕೊಂಡಿದ್ದಲ್ಲ ಬುಡು. ಇವ್ಳು ಇಲ್ಲೇ ಸತ್ರೆ ಅಂತ."

ಬಟವಾಡಿಯಲ್ಲಿ ಸಿಕ್ಕಿದ ಮನೆಯ ಓನರು ಆ ಮಾತನ್ನು ಮುಚ್ಚಿಡಲಿಲ್ಲ. ಕೆಲಸದಿಂದ ರಿಟೈರ್ ಆದವರು, ಹೆಂಡತಿಯೊಂದಿಗೆ ಮಹಡಿಯ ಮೇಲೆ ಇದ್ದರು. "ಬೇಜಾರ್ ಮಾಡ್ಕೋಬೇಡಿ ಟೀಚರ್, ಮೊದಲೇ ಹೇಳ್ಬಿಡ್ತೀನಿ," ಎಂದರು. ಹಿಂದೆ ಬಾಡಿಗೆಗಿದ್ದವರ ತಂದೆ ಆ ಮನೆಯಲ್ಲೇ ತೀರಿಕೊಂಡಿದ್ದರಂತೆ. ನಕ್ಷತ್ರ ಸರಿಯಿಲ್ಲ ಎಂದು ಪುರೋಹಿತರು ಹೇಳಿ, ಆರು ತಿಂಗಳು ಮನೆಗೆ ಬೀಗ ಹಾಕಬೇಕಾಯಿತಂತೆ. "ಮನೆ ಕೊಡ್ತೀನಿ. ಆದ್ರೆ ಹೆಚ್ಚುಕಮ್ಮಿ ಏನಾದ್ರೂ ಆದ್ರೆ ಇಲ್ಲಿಗೆ ತರಬಾರ್ದು. ಆಸ್ಪತ್ರೆಯಿಂದ ಹಂಗೇ ಊರಿಗೆ ಕರ್ಕೊಂಡ್ ಹೋಗ್ಬೇಕು."

ನನಗೆ ಮೈಯೆಲ್ಲ ಉರಿಯಿತು, ಎದ್ದು ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ಅಕ್ಕ ಹೇಳಿದಳು: "ಆಯ್ತು ಸ್ವಾಮಿ. ನಂಗೂ ನಮ್ ತೋಟದಾಗೇ ಮಲಗ್ಬೇಕು ಅಂತ ಆಸೆ. ಇಲ್ಲಿ ನೀರು ದಿನಾ ಬತ್ತದಾ?"

ತೋಟವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟು, ಒಂದು ಲಗೇಜ್ ಆಟೋದಲ್ಲಿ ಬರುವಷ್ಟು ಸಾಮಾನು ತಂದು ಮನೆ ಹೂಡಿದೆವು. ಮೊದಲ ಕೆಲವು ವಾರ ಅಕ್ಕ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯದೆ ಹಜಾರದಲ್ಲಿ ನಿಂತಿರುತ್ತಿದ್ದಳು. ಎದುರುಮನೆಯವರು ಗೇಟು ಹಾಕಿಕೊಂಡು ಒಳಗಿರುವುದು ಅವಳಿಗೆ ಅರ್ಥವಾಗುತ್ತಿರಲಿಲ್ಲ. ಆಮೇಲೆ ಕಾಂಪೌಂಡಿನ ಮೂಲೆಯಲ್ಲಿದ್ದ ಒಂದಿಷ್ಟು ಮಣ್ಣು ಕೆದಕಿ ದಂಟು, ಮೆಂತ್ಯ ಹಾಕಿದಳು. ಓನರ ಹೆಂಡತಿ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯವರು. ಸೊಪ್ಪು ಬಂದದ್ದು ನೋಡಿ ಅವರೂ ಕೆಳಗಿಳಿದರು. ಅವರೆಕಾಯಿ ಕಾಲದಲ್ಲಿ ಇಬ್ಬರೂ ಬಾಗಿಲಲ್ಲಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದರು. ಅಕ್ಕ ಒಂದು ದಿನ, ಡಯಾಲಿಸಿಸ್ ಸೂಜಿಗೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದ ಎಡಗೈಯನ್ನು ಅವರ ಮುಂದೆ ಚಾಚಿ, "ಮುಟ್ ನೋಡಿ ಅಮ್ಮಾ, ಬೋರ್‌ವೆಲ್ ಮೋಟ್ರು ಓಡ್ದಂಗೆ ಓಡ್ತದೆ," ಎಂದಳು. ಅವರು ಹೆದರುತ್ತ ಮುಟ್ಟಿದರು. ಆಮೇಲೆ ಕೈ ಬಿಡದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಅಕ್ಕ ಕುಡಿಯುವ ನೀರಿಗೂ ಡಾಕ್ಟರು ಮಿತಿ ಹಾಕಿದ್ದರು. ಎಳನೀರಂತೂ ಬಾಯಿಗೆ ಸೋಕಿಸುವಂತಿರಲಿಲ್ಲ. ತೋಟ ನೋಡಿಕೊಳ್ಳುತ್ತಿದ್ದವರು ಬರುವಾಗೆಲ್ಲ ಒಂದಷ್ಟು ಎಳನೀರು ತರುತ್ತಿದ್ದರು. ಅಕ್ಕ ತಾನೇ ಮಚ್ಚಿನಿಂದ ಕೆತ್ತಿ, ಮೇಲಿನವರಿಗೆ ಕೊಟ್ಟು, ಅವರು ಕುಡಿಯುವುದನ್ನು ನೋಡುತ್ತ ಕೂರುತ್ತಿದ್ದಳು. "ಸೀಯಾಗೈತಾ?" ಎಂದು ಕೇಳುತ್ತಿದ್ದಳು, ಅಷ್ಟೇ.

ನನಗೆ ರಜೆ ಸಿಗದ ದಿನ ಓನರ ಹೆಂಡತಿಯೇ ಅವಳೊಂದಿಗೆ ಆಟೋದಲ್ಲಿ ಆಸ್ಪತ್ರೆಗೆ ಹೋಗತೊಡಗಿದರು. ಹೀಗೇ ಒಂದು ವರ್ಷ ಕಳೆಯಿತು. ಶಾಲೆಯಲ್ಲಿ ಪರೀಕ್ಷೆಗಳು ನಡೆಯುತ್ತಿದ್ದ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಅವರದೇ ಫೋನು ಬಂತು. "ಟೀಚರಮ್ಮ, ಬಿಪಿ ಇಳಿದೋಗೈತೆ, ಬೇಗ ಬನ್ನಿ," ಎಂದರು. ನಾನು ಗುಬ್ಬಿಯಿಂದ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ಹಾಸಿಗೆಯ ಪಕ್ಕದಲ್ಲಿ ಅಕ್ಕನ ಚಪ್ಪಲಿ ಹಿಡಿದುಕೊಂಡು ನಿಂತಿದ್ದರು.

ಬಟವಾಡಿ ನಮ್ಮೂರಿಗೆ ಹೋಗುವ ದಾರಿಯಲ್ಲಿಲ್ಲ, ತುಮಕೂರಿನ ಆಚೆ ಕಡೆ. ಆದರೂ ಅವಳಿಗೆ ಉಡಿಸಲು ಸೀರೆ ಬೇಕಿತ್ತು. ಆಂಬುಲೆನ್ಸ್ ಅಲ್ಲಿಗೆ ಹೋಗಿ ರಸ್ತೆಯಲ್ಲಿ ನಿಂತಿತು. ಓನರು ಗೇಟಿನ ಹತ್ತಿರ ನಿಂತಿದ್ದರು. ನಾನು ಸೀರೆ ತೆಗೆದುಕೊಂಡು ಹೊರಗೆ ಬಂದಾಗ, ಗೇಟಿನ ಎರಡೂ ಬಾಗಿಲು ತೆಗೆದಿದ್ದರು. "ಟೀಚರ್... ಬೇಕಾದ್ರೆ ಒಂದ್ ಗಳಿಗೆ ವರಾಂಡದಲ್ಲಿ..." ಎಂದು ಆಂಬುಲೆನ್ಸಿನ ಕಡೆ ಕೈ ತೋರಿಸಿದರು.

"ಬೇಡ ಸರ್. ಅಕ್ಕ ನಿಮ್ಮ ಮಾತಿಗೆ ಒಪ್ಪಿಕೊಂಡಿದ್ಲು," ಎಂದೆ. ಅವರನ್ನು ಚುಚ್ಚಬೇಕೆಂದು ಹೇಳಿದ್ದಲ್ಲ. ಅವರು ಮುಖ ಆಚೆ ತಿರುಗಿಸಿಕೊಂಡರು.

ಅವರ ಹೆಂಡತಿ ಒಳಗಿನಿಂದ ಒಂದು ಚೊಂಬು ನೀರು ತಂದು ಆಂಬುಲೆನ್ಸ್ ಹತ್ತಿದರು. ಅಕ್ಕನ ತುಟಿಗೆ ಒಂದು ಚಮಚ ಹಾಕಿದರು, ಇನ್ನೊಂದು ಹಾಕಿದರು, ಮತ್ತೂ ಹಾಕಿದರು. ನೀರು ಕೆನ್ನೆಯ ಮೇಲಿಂದ ಇಳಿದು ದಿಂಬು ನೆನೆಯಿತು. ಡ್ರೈವರ್ ತಿರುಗಿ ನೋಡಿದ. "ಇರಪ್ಪ," ಎಂದರು ಅವರು. "ಒಂದ್ ವರ್ಷದಿಂದ ನೀರ್ನ ಅಳ್ದು ಅಳ್ದು ಕುಡ್ದವ್ಳೆ."

ಅಕ್ಕನನ್ನು ತೋಟದಲ್ಲಿ, ಅಪ್ಪನ ಪಕ್ಕ ಮಣ್ಣು ಮಾಡಿದೆವು. ತಿಥಿ ಮುಗಿಸಿ ಬಂದಾಗ ಓನರು, "ನೀವಿರೋದಾದ್ರೆ ಇರಿ ಟೀಚರ್, ಬೇರೆ ಯಾರಿಗೂ ಕೊಡಲ್ಲ," ಎಂದರು. ನಾನೂ ಇರಬಹುದು ಎಂದುಕೊಂಡಿದ್ದೆ. ಆದರೆ ಆ ಊರಿನಲ್ಲಿ ನನಗೆ ಗೊತ್ತಿದ್ದದ್ದು ಆಸ್ಪತ್ರೆಯ ದಾರಿಯೊಂದೇ. ಶಾಲೆ ಗುಬ್ಬಿಯ ಪಕ್ಕ, ಅಕ್ಕ ತೋಟದಲ್ಲಿ. ಬಟವಾಡಿಯಲ್ಲಿ ಒಬ್ಬಳೇ ಬೀಗ ತೆಗೆದು ಒಳಗೆ ಹೋಗುವುದು ಆಗಲಿಲ್ಲ. ಗುಬ್ಬಿಯಲ್ಲಿ ಎರಡು ಕೋಣೆಯ ಮನೆ ಮಾಡಿದೆ.

ಓನರ ಹೆಂಡತಿ ಆಗಾಗ ಫೋನ್ ಮಾಡುತ್ತಾರೆ. ಹೋದ ತಿಂಗಳು ಮಾಡಿದಾಗ, ಕೆಳಗಿನ ಮನೆಗೆ ಹೊಸದಾಗಿ ಮದುವೆಯಾದವರು ಬಂದಿದ್ದಾರೆ ಎಂದರು. ಹುಡುಗಿಯ ತಾಯಿ ಮನೆ ನೋಡಲು ಬಂದಾಗ ಕೇಳಿದರಂತೆ, ಇತ್ತೀಚೆಗೆ ಈ ಮನೆಯಲ್ಲಿ ಸಾವುಗೀವು ಆಗಿದೆಯಾ ಎಂದು.

"ನೀವೇನಂದ್ರಿ?"

"ಇಲ್ಲ ಅಂದೆ. ನಿಜಾನೇ ತಾನೇ ಟೀಚರಮ್ಮ, ಇಲ್ಲಿ ಯಾರೂ ಸತ್ತಿಲ್ವಲ್ಲ." ಆಮೇಲೆ ಅವರೇ ಹೇಳಿದರು: "ಹಂಗಂದ್ಬುಟ್ಟು ಮೇಲಕ್ಕೆ ಬಂದು ಅತ್ಬುಟ್ಟೆ. ಅವ್ಳು ಇಲ್ಲಿ ಇರ್ಲೇ ಇಲ್ಲ ಅಂದಂಗಾಯ್ತಲ್ಲ."

ಅಂಥದ್ದೇನಿಲ್ಲ, ನೀವು ಸರಿಯಾಗಿಯೇ ಹೇಳಿದಿರಿ ಎಂದೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಒಳ್ಳೆಯವಳು, ಆದರೆ ಅಡುಗೆ ಬರುವುದಿಲ್ಲ ಎಂದರು. ಇನ್ನಷ್ಟು ಹೊತ್ತು ಅದನ್ನೇ ಮಾತಾಡಿದೆವು.