ಹಿಟ್ಟಿನ ಕೈ

ಆಂಧ್ರದ ಗಡಿಯಲ್ಲಿ, ಕೌತಾಳಂ ಕಡೆಯ ಆ ಊರಿನಲ್ಲಿ ನಲ್ಲಿ ನೀರು ಬರುತ್ತಿದ್ದುದು ಬೆಳಿಗ್ಗೆ, ಸರಿಯಾಗಿ ರೊಟ್ಟಿಯ ಹೊತ್ತಿಗೆ. ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು ಯಾರಿಗೂ ಕಾಯುವುದಿಲ್ಲ. ಆರಿದರೆ ಬಡಿಯುವಾಗ ಅಂಚು ಹರಿಯುತ್ತದೆ. ನಲ್ಲಿಯೂ ಕಾಯುವುದಿಲ್ಲ. ಒಂದು ರೊಟ್ಟಿ ಹಂಚಿನ ಮೇಲೆ, ಒಂದು ಬಿಂದಿಗೆ ನಲ್ಲಿಯ ಕೆಳಗೆ, ನಡುವೆ ದಸ್ತಗಿರಮ್ಮ. ಮದುವೆಯಾಗಿ ಬಂದಾಗಿನಿಂದ ಹೀಗೇ. ಅದು ಮುಗಿದರೆ ಹತ್ತಿ ಬಿಡಿಸಲು ಹೊಲಕ್ಕೆ.

ಅಸೆಂಬ್ಲಿ ಓಟನ್ನು ಆಕೆ ಪ್ರತಿ ಸಲ ಗಂಡ ಹುಲಿಗೇಶ ಹೇಳಿದ ಗುರುತಿಗೇ ಹಾಕಿದ್ದಳು. ಅಲ್ಲಿ ಯಾರು ಗೆದ್ದರೂ ಅವಳ ಬೆಳಗು ಬದಲಾಗಿರಲಿಲ್ಲ. ಆದರೆ ಈ ಸಲದ ಪಂಚಾಯಿತಿ ಓಟು ಬೇರೆ. ಜೊತೆಗೆ ಹತ್ತಿ ಬಿಡಿಸುವ ಈಶ್ವರಿಯೇ ವಾರ್ಡಿಗೆ ನಿಂತಿದ್ದಳು. ಸಾಲಿನಲ್ಲಿ ಬಗ್ಗಿಕೊಂಡೇ ಕೇಳಿದ್ದಳು:

“ಗೆದ್ರ ಏನು ಮಾಡ್ಸಲಿ, ಹೇಳವಾ.”

“ನೀರು ಸಂಜಿಕ ಬಿಡಿಸು. ಗಂಡಸ್ರು ಕಟ್ಟಿ ಮ್ಯಾಲೆ ಖಾಲಿ ಕುಂತಿರ್ತಾರಲ್ಲ, ಆಗ.”

ಈಶ್ವರಿ ನಗುತ್ತಲೇ ಒಪ್ಪಿದ್ದಳು.

ತೊಡಕೆಂದರೆ, ಎದುರು ನಿಂತವನು ಹುಲಿಗೇಶನ ಗೆಳೆಯ ಪಂಪಣ್ಣ. ಓಟಿನ ದಿನ ಬೆಳಿಗ್ಗೆ ಆತ ಈರಣ್ಣಸ್ವಾಮಿ ದೇವರ ಭಸ್ಮದ ತಟ್ಟೆ ಹಿಡಿದು ಮನೆಮನೆಗೆ ಆಣೆ ಮಾಡಿಸಲು ಹೊರಟ. ಈರಣ್ಣನನ್ನು ಮುಟ್ಟಿ ಕೊಟ್ಟ ಮಾತನ್ನು ದಸ್ತಗಿರಮ್ಮ ತಪ್ಪುವವಳಲ್ಲ. ಹಾಗಾಗಿ ಪಕ್ಕದ ಮನೆಯಲ್ಲಿ ಪಂಪಣ್ಣನ ದನಿ ಕೇಳಿದ್ದೇ, ಆಗಷ್ಟೇ ತೊಳೆದುಕೊಂಡಿದ್ದ ಕೈಗಳನ್ನು ಮತ್ತೆ ಹಿಟ್ಟಿಗೆ ಇಳಿಸಿದಳು.

“ಗುರ್ತು ಉಂಗರಂ ಅಕ್ಕಾ. ಭಸ್ಮ ಮುಟ್ಟಿ ಒಂದು ಮಾತು ಕೊಡು.”

“ಅಯ್ಯ ತಮ್ಮಾ, ಮೊಣಕೈ ತನಕ ಹಿಟ್ಟು ಐತಿ. ಇಂಥ ಕೈಲಿ ಈರಣ್ಣನ್ನ ಮುಟ್ಟಲ್ಯಾ? ಕುಂದ್ರು, ಇನ್ನಾ ಅರ್ಧ ಬುಟ್ಟಿ ರೊಟ್ಟಿ ಅದಾವ. ನಲ್ಲಿ ಬಂದೈತಿ, ಅಷ್ಟರಾಗ ಒಂದೆರಡು ಬಿಂದಿಗಿ ತುಂಬಿ ಕೊಡು.”

ಬಿಂದಿಗೆ ಎಂದೊಡನೆ ಪಂಪಣ್ಣನಿಗೆ ಉಳಿದ ಮನೆಗಳ ನೆನಪಾಯಿತು.

“ಆಕಿದೂ ನಂದೂ ಒಂದೇ ಮಾತು, ಬಿಡಲೇ,” ಎಂದು ಹುಲಿಗೇಶ ತಾನೇ ಭಸ್ಮ ಮುಟ್ಟಿದ.

ಮಾತು ಕೊಟ್ಟವನು ಅವನು. ದಸ್ತಗಿರಮ್ಮ ರೊಟ್ಟಿ ಮುಗಿಸಿ, ಕೈ ತೊಳೆದು, ಸೀರೆ ಬದಲಿಸಿ ಶಾಲೆಗೆ ಹೋದಳು. ಮರೆಯಲ್ಲಿ ನಿಂತು ಈಶ್ವರಿಯ ಕತ್ತರಿ ಗುರುತಿನ ಮೇಲೆ ಮುದ್ರೆಯೊತ್ತಿ, ಚೀಟಿ ಮಡಚಿ ಡಬ್ಬಿಗೆ ಹಾಕಿದಳು. ಎದೆ ಹಗುರವಾಗಿತ್ತು.

ಈಶ್ವರಿ ಗೆದ್ದಳು, ಕೂದಲೆಳೆಯಲ್ಲಿ. ನೀರು ಬಿಡುವವನೊಂದಿಗೆ ಜಗಳ ಆಡಿ ಆಡಿ, ಕೊನೆಗೂ ಹೊತ್ತು ಬದಲಿಸಿದಳು.

ಈಗ ಸಂಜೆ ಕಟ್ಟೆಯ ಮೇಲಿನ ಹರಟೆ ನಲ್ಲಿ ಬರುವ ತನಕ ಮಾತ್ರ. “ಏ ಹುಲಿಗೇಶಾ, ನೀರು ಬಂತಲೇ, ಓಡು!” ಎಂದು ಕಿಚಾಯಿಸುವ ಪಂಪಣ್ಣನೂ ಬಿಂದಿಗೆ ಹಿಡಿದು ಪಾಳಿಯಲ್ಲಿ ನಿಂತಿರುತ್ತಾನೆ.

ಒಂದು ಸಂಜೆ ಹುಲಿಗೇಶ ಬಿಂದಿಗೆಗಳೊಂದಿಗೆ ಬಂದು ಹೊಸ್ತಿಲ ಮುಂದೆ ನಿಂತ. ಅಲ್ಲಿ ದಸ್ತಗಿರಮ್ಮ ಕಾಲು ಚಾಚಿ ಕುಳಿತು ಚಾ ಕುಡಿಯುತ್ತಿದ್ದಳು.

“ಖರೇ ಹೇಳು. ನೀ ಅವತ್ತು ಪಂಪಣ್ಣಗ ಹಾಕಲಿಲ್ಲಲ್ಲಾ?”

“ಮುಟ್ಟಿ ಹೇಳ್ಬೇಕಾ? ಹೋಗು, ಭಸ್ಮ ತಗೊಂಡು ಬಾ.”

ಹುಲಿಗೇಶನ ಎರಡೂ ಕೈಯಲ್ಲಿ ತುಂಬಿದ ಬಿಂದಿಗೆಗಳಿದ್ದವು. ಆಕೆ ಕಾಲು ಮಡಚಿ ದಾರಿ ಬಿಟ್ಟಳು.