ಒಂದು ಜೊತೆ ಹೆಚ್ಚು

ನಮ್ಮ ಭಾವ ಕಾಲು ಎಣಿಸಿ ಅನ್ನ ತಿಂದವರು. ಬೇರೆ ಕಡೆ ಕಡಲತೀರದ ಕಾವಲುಗಾರರು ತಲೆ ಎಣಿಸುತ್ತಾರೆ. ಭಾವನಿಗೆ ತಲೆಗಳ ಮೇಲೆ ನಂಬಿಕೆ ಇರಲಿಲ್ಲ. "ತಲೆ ಮುಳುಗುತ್ತೆ, ಏಳುತ್ತೆ, ಟೋಪಿ ಹಾಕುತ್ತೆ. ಟೋಪಿ ಹಾಕೋರನ್ನ ನಂಬಿ ಲೆಕ್ಕ ಇಡೋಕಾಗುತ್ತಾ?" ಎನ್ನುತ್ತಿದ್ದರು. ಹಾಗಾಗಿ ನೀರಿಗಿಳಿಯುವ ಪ್ರತಿಯೊಬ್ಬರೂ ಅವರ ಅಟ್ಟಣೆಯ ಕೆಳಗೆ ಸಾಲಾಗಿ ಚಪ್ಪಲಿ ಬಿಟ್ಟು ಹೋಗಬೇಕು, ಹೊರಗೆ ಬಂದವರು ಮೆಟ್ಟಿಕೊಂಡು ಹೋಗಬೇಕು. ಸಂಜೆ ಐದೂವರೆಗೆ ಸೀಟಿ ಊದಿದ ಮೇಲೆ ಮರಳು ಖಾಲಿಯಾಗಿದ್ದರೆ ಸಮುದ್ರವೂ ಖಾಲಿ. ಒಂದು ಜೊತೆ ಉಳಿದಿದ್ದರೆ ಒಂದು ಜೀವ ಒಳಗಿದೆ. ಆಗ ಸೈರನ್.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಹೋಟೆಲಿನ ಈಜುಕೊಳ ಕಾಯಲು ಆ ಪರದೇಶಕ್ಕೆ ಹೋದವರು ಅವರು. ಹೋಟೆಲು ಮುಚ್ಚಿತು, ಕೊಳ ಬತ್ತಿತು, ಭಾವ ಮಾತ್ರ ಉಳಿದರು. ಕಡಲತೀರದ ಆಫೀಸಿನವರು ಕೆಲಸ ಕೊಟ್ಟರು. ಅಕ್ಕ ಮುಂಭಾಗದ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಪ್ರವಾಸಿಗರ ಹರಿದ ಈಜುಡುಗೆಗೆ ಎಲಾಸ್ಟಿಕ್ ಹಾಕಿಕೊಡುತ್ತಿದ್ದಳು. ನಾನು ಹಿಂದಿನ ಕೋಣೆಯಲ್ಲಿದ್ದೆ, ಅಲ್ಲಿನ ಶಿಶುವಿಹಾರದಲ್ಲಿ ಟೀಚರು. ನಾವು ಆ ಊರಿನ ಉಪ್ಪು ತಿಂದೆವು ಎನ್ನುವುದಕ್ಕಿಂತ ಆ ಊರಿನ ಉಪ್ಪೇ ನಮ್ಮನ್ನು ತಿಂದಿತು ಎಂದರೆ ಸರಿ. ಅಕ್ಕನ ಕತ್ತರಿ ವಾರಕ್ಕೊಮ್ಮೆ ತುಕ್ಕು ಹಿಡಿಯುತ್ತಿತ್ತು. ಬೀಗಕ್ಕೆ ಎಣ್ಣೆ ಬಿಡದಿದ್ದರೆ ನಮ್ಮ ಮನೆಗೆ ನಾವೇ ಕಳ್ಳರು. ಬೂಷ್ಟು ಹಿಡಿಯದಿರಲೆಂದು ನಮ್ಮ ಪಾಸ್‌ಪೋರ್ಟುಗಳು ಅಕ್ಕಿ ಡಬ್ಬಿಯೊಳಗೆ ಮಲಗಿರುತ್ತಿದ್ದವು.

ತರಕಾರಿಯವಳು ಇಪ್ಪತ್ತೆರಡನೇ ವರ್ಷದಲ್ಲೂ ಅಕ್ಕನನ್ನು "ಹೊಸಬರು" ಎಂದೇ ಕರೆಯುತ್ತಿದ್ದಳು. ರಜೆಗೆ ನಮ್ಮ ಊರಿಗೆ ಹೋದರೆ ಅಲ್ಲಿಯವರು "ಎಷ್ಟು ದಿನ ಇರ್ತೀರಿ?" ಎಂದು ಕೇಳುತ್ತಿದ್ದರು. ಇಲ್ಲಿ ಹೊಸಬರು, ಅಲ್ಲಿ ಹಳಬರಲ್ಲ. ಆದರೂ ಅಕ್ಕನಿಗೆ ಆ ಎರಡು ಕೋಣೆಯ ಬಾಡಿಗೆ ಮನೆ ಎಂದರೆ ಪ್ರಾಣ. ಅದನ್ನು ಬಿಡುವ ಮಾತೆತ್ತಿದರೆ ಊಟ ಬಿಡುತ್ತಿದ್ದಳು.

ಇರುವುದಕ್ಕೆ ಪರವಾನಗಿ ಬೇಕು. ಪರವಾನಗಿ ಇಲ್ಲದಿದ್ದರೂ ಪರವಾಗಿಲ್ಲ ಎನ್ನುವ ಊರನ್ನು ನಾನಿನ್ನೂ ನೋಡಿಲ್ಲ. ವರ್ಷಕ್ಕೊಮ್ಮೆ ಅದಕ್ಕೆ ಆಫೀಸಿನ ಸಾಹೇಬರು ಸಹಿ ಹಾಕಬೇಕು, ಮತ್ತು ಆ ವರ್ಷ ಸಾಹೇಬರು ಬಿಸಿಯಾಗಿದ್ದರು. ಭಾವ ಎರಡು ಸಲ ಸೈರನ್ ಊದಿಸಿ ಎರಡೂ ಸುಳ್ಳಾಗಿದ್ದವು. ಮೊದಲ ಸಲ ಒಬ್ಬ ಮಹಾಶಯ ಕುಡಿದು ಚಪ್ಪಲಿ ಮರೆತು ಬರಿಗಾಲಲ್ಲೇ ಹೋಟೆಲಿಗೆ ಹೋಗಿ ಮಲಗಿದ್ದ. ಎರಡನೆಯ ಸಲ ಹೊಸದಾಗಿ ಮದುವೆಯಾದ ಹುಡುಗ ಹೆಂಡತಿಯನ್ನು ಮರಳಿನ ಮೇಲೆ ಎತ್ತಿಕೊಂಡೇ ಟ್ಯಾಕ್ಸಿ ಹತ್ತಿದ್ದ. ಎರಡು ಸಲವೂ ದೋಣಿ ಇಳಿದು, ಊರೆಲ್ಲ ದಡಕ್ಕೆ ಓಡಿ ಬಂದಿತ್ತು. ಸಾಹೇಬರು ಕಾಗದದಲ್ಲೇ ಬರೆದು ಕೊಟ್ಟರು: ಮೂರನೆಯದೂ ಸುಳ್ಳಾದರೆ ಸಹಿ ಇಲ್ಲ.

ಆ ಕಾಗದ ಬಂದು ಹದಿನೈದು ದಿನವಾಗಿತ್ತು. ಅಕ್ಕ ಮತ್ತು ನಾನು ಎಂದಿನಂತೆ ಸಂಜೆ ಫ್ಲಾಸ್ಕಿನಲ್ಲಿ ಟೀ ತೆಗೆದುಕೊಂಡು ಅಟ್ಟಣೆಯ ಹತ್ತಿರ ಹೋದೆವು. ಸೀಟಿ ಊದಿ ಆಗಿತ್ತು. ಮೈ ಒರೆಸಿಕೊಂಡ ಜನ ಅಲ್ಲಲ್ಲೇ ಹರಟುತ್ತಿದ್ದರು, ಎಲ್ಲರ ಕಾಲಲ್ಲೂ ಚಪ್ಪಲಿ. ಭಾವ ಅಟ್ಟಣೆಯ ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

ಅವರ ಮುಂದೆ ಒಂದು ಜೊತೆ ಉಳಿದಿತ್ತು. ಹೆಂಗಸರದು, ಕಂದು ತೊಗಲು, ಬಕಲ್ ಇರುವುದು. ಬಕಲ್ ಹಸಿರುಗಟ್ಟಿತ್ತು.

"ಐದು ಗಂಟೆಗೆ ಮೂವತ್ತೇಳು ಜೊತೆ ಇತ್ತು. ಮೂವತ್ತೇಳೂ ಹೋಯ್ತು. ಇದು ಮೂವತ್ತೆಂಟನೇದು," ಎಂದರು ಭಾವ.

"ಯಾರೋ ಮರ್ತಿರ್ತಾರೆ ಕಣ್ರೀ," ಎಂದಳು ಅಕ್ಕ.

"ನೀರಿಂದ ಬಂದವರೆಲ್ಲ ಮೆಟ್ಕೊಂಡ್ರು. ನಾನು ನೋಡಿದ್ದೀನಿ."

"ಹಂಗಾದ್ರೆ ಒಂದು ಕಾಲಿಗೆ ಎರಡೆರಡು ಹಾಕ್ಕೊಂಡು ಬಂದಿದ್ರೇನೋ," ಎಂದೆ ನಾನು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ನೀರಿಗೆ ನಡೆಯುತ್ತಾ ಚಪ್ಪಲಿ ಕಳಚಿದರೆ ಅದರ ಮುಂಭಾಗ ಸಮುದ್ರದ ಕಡೆಗಿರುತ್ತದೆ. ಅಲ್ಲಿ ದಿನವೂ ಹಾಗೆಯೇ ಇರುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಶೂಗಳನ್ನು ಬೆಳಿಗ್ಗೆ ತಿರುಗಿಸಿ ಇಡಿಸುತ್ತಿದ್ದರು, ಗಂಟೆ ಹೊಡೆದಾಗ ಹೊರಗೆ ಬಂದು ನೇರ ಕಾಲು ತೂರಿಸಲು ಸುಲಭವಾಗಲೆಂದು. ಈ ಜೊತೆ ಹಾಗೆ ತಿರುಗಿಸಿ ಇಟ್ಟಂತಿತ್ತು. ಮುಂಭಾಗ ಊರಿನ ಕಡೆಗೆ.

ಸಮುದ್ರ ಒರೆಸಿಟ್ಟ ತಟ್ಟೆಯ ಹಾಗೆ ಇತ್ತು. ಒಂದು ತಲೆಯಿಲ್ಲ, ಒಂದು ಕೈಯಿಲ್ಲ. ಭಾವ ದುರ್ಬೀನಿನಲ್ಲಿ ಎರಡು ಸಲ ನೋಡಿ ಸೈರನ್ ಕಂಬದ ಕಡೆ ಹೊರಟರು. ಅಕ್ಕ ಅವರ ತೋಳು ಹಿಡಿದಳು.

"ರೀ, ಬೇಡ. ಇನ್ನೊಂದ್ಸಲ ಎಲ್ಲರನ್ನೂ ಕೇಳೋಣ."

"ಕೇಳೋ ಹೊತ್ತಲ್ಲಿ ಒಳಗಿರೋರು ಸತ್ತೋಗ್ತಾರೆ."

"ಒಳಗೆ ಯಾರಿದ್ದಾರೆ? ನಿಮಗೆ ಕಾಣ್ತಾ?"

"ಕಾಣಲ್ಲ. ಅದಕ್ಕೇ ಊದ್ಬೇಕು."

"ಊದಿದ್ರೆ ಮುಂದಿನ ತಿಂಗಳು ನಾವೇ ದಡ ಬಿಡ್ಬೇಕು. ನೆನಪಿದೆ ತಾನೆ?"

ಭಾವ ಅವಳ ಕಡೆ ತಿರುಗಿದರು. "ಊದದೆ ಇದ್ದು, ನಾಳೆ ಬೆಳಿಗ್ಗೆ ಯಾರಾದ್ರೂ ದಡಕ್ಕೆ ಬಂದು ಬಿದ್ದಿದ್ರೆ, ನೀನು ಈ ಊರಲ್ಲಿ ಇರ್ತೀಯಾ?" ಎಂದರು. ಅಕ್ಕ ಕೈ ಬಿಟ್ಟಳು. ಅವರು ಗುಂಡಿ ಒತ್ತಿದರು.

ಮೂರು ನಿಮಿಷ ಆ ಸೈರನ್ ಕೂಗಿತು. ಕಿವಿ ಮುಚ್ಚಿದರೆ ಹಲ್ಲಿನಲ್ಲಿ ಕೇಳಿಸುವಂಥ ಕೂಗು. ದೋಣಿಯ ಇಬ್ಬರು ಅರ್ಧ ಗಂಟೆ ಸುತ್ತಿ ಬರಿಗೈಯಲ್ಲಿ ಬಂದರು. ಸಾಹೇಬರು ಸ್ಕೂಟರಿನಲ್ಲಿ ಬಂದರು. ಬರುವ ದಾರಿಯಲ್ಲೇ ಹೋಟೆಲುಗಳಲ್ಲಿ ವಿಚಾರಿಸಿಕೊಂಡಿದ್ದರು, ಎಲ್ಲಿಯೂ ಯಾರೂ ಕಾಣೆಯಾಗಿರಲಿಲ್ಲ.

"ಏನ್ರೀ, ಇವತ್ತು ಯಾರ ಹೆಂಡತೀನ ಎತ್ಕೊಂಡು ಹೋದ್ರು?"

ಭಾವ ಚಪ್ಪಲಿ ತೋರಿಸಿದರು. ಸಾಹೇಬರು ಅದನ್ನು ನೋಡಲೂ ಇಲ್ಲ. ನಿಯಮದಂತೆ ಈಜಿದವರನ್ನೆಲ್ಲ ಸಾಲು ನಿಲ್ಲಿಸಿದರು. ಎಣಿಸಿ, ಮೂವತ್ತೇಳು ಎಂದು ಬರೆದು, ಭಾವನಿಂದ ಸಹಿ ಹಾಕಿಸಿಕೊಂಡರೆ ಕಥೆ ಮುಗಿಯುತ್ತಿತ್ತು. ಅವರು ಬೆರಳು ಆಡಿಸುತ್ತಾ ಸಾಲಿನ ಕೊನೆಗೆ ಹೋದರು. ಮತ್ತೆ ಮೊದಲಿಗೆ ಬಂದರು. ಮತ್ತೆ ಹೋದರು.

"ಮೂವತ್ತೆಂಟು," ಎಂದರು.

ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಸುಪಾಸು, ಸಾದಾ ಹತ್ತಿಯ ಉಡುಪು, ಬರಿಗಾಲು. ಉಳಿದವರು ನೀರು ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು, ಕೂದಲೂ ಒಣಗಿತ್ತು. ಅವಳ ತೋಳಿನಿಂದ, ಗಲ್ಲದಿಂದ, ಉಡುಪಿನ ಅಂಚಿನಿಂದ ನೀರು ಇಳಿಯುತ್ತಲೇ ಇತ್ತು. ಕಾಲ ಬುಡದ ಮರಳಿನಲ್ಲಿ ಗುಳಿ ಬಿದ್ದಿತ್ತು. ಪಕ್ಕದಲ್ಲಿದ್ದ ಮನುಷ್ಯ ಆಗ ತಾನೇ ಅವಳನ್ನು ನೋಡಿದವನ ಹಾಗೆ ಎರಡು ಹೆಜ್ಜೆ ಸರಿದ.

"ಯಾವ ಹೋಟೆಲಮ್ಮಾ?" ಸಾಹೇಬರು ಕೇಳಿದರು.

ಅವಳು ಸೈರನ್ ಕಂಬ ನೋಡಿದಳು. "ಕರೆದ್ರಲ್ಲ, ಬಂದೆ," ಎಂದಳು.

ಆಮೇಲೆ ಮರಳಿನಲ್ಲಿ ಕೂತು ಆ ಚಪ್ಪಲಿಗೆ ಕಾಲು ತೂರಿಸಿ, ಬಕಲ್ ಹಾಕಿಕೊಂಡಳು. ತಡಕಾಡಲಿಲ್ಲ. ಎದ್ದು ನಿಂತು ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಶಿಶುವಿಹಾರದ ಬಾಗಿಲಲ್ಲಿ ತನ್ನ ಮಗು ಹುಡುಕುವ ತಾಯಿಯ ಹಾಗೆ.

"ಇಷ್ಟೇ ಜನಾನಾ? ಉಳಿದವ್ರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ," ಎಂದಳು.

ಅಷ್ಟೇ. ಬೀದಿ ಹತ್ತಿ ಹೋದಳು. ಯಾರೂ ತಡೆಯಲಿಲ್ಲ. ಒದ್ದೆ ಹೆಜ್ಜೆಗಳು ಔಷಧಿ ಅಂಗಡಿಯ ತಿರುವಿನವರೆಗೂ ಇದ್ದವು, ತಿರುವಿನಾಚೆ ಇರಲಿಲ್ಲ. ಅವಳನ್ನು ಯಾವ ಹೋಟೆಲಿನವರೂ ತಮ್ಮವಳೆನ್ನಲಿಲ್ಲ, ಊರಿನವರೂ ಅನ್ನಲಿಲ್ಲ.

ಸಾಹೇಬರು ಮಾತ್ರ ಆಫೀಸಿನ ಮನುಷ್ಯ. ಆಫೀಸಿನವರಿಗೆ ಯಾರು ಎನ್ನುವುದಕ್ಕಿಂತ ಎಷ್ಟು ಎನ್ನುವುದು ಮುಖ್ಯ. ಸೈರನ್ ಕೂಗಿದೆ, ನೀರಿನಿಂದ ಒಂದು ಜೀವ ಹೊರಗೆ ಬಂದಿದೆ, ಅಂದಮೇಲೆ ಅದು ಸುಳ್ಳು ಸೈರನ್ ಹೇಗಾದೀತು? ಐದನೆಯ ದಿನ ಅವರೇ ನಮ್ಮ ಮನೆಗೆ ಬಂದರು, ಕೈಯಲ್ಲಿ ಪರವಾನಗಿ. ಒಂದು ವರ್ಷಕ್ಕಲ್ಲ, ಮೂರು ವರ್ಷಕ್ಕೆ. ಅವರ ಸಹಿ ಆಗಿತ್ತು, ಭಾವನದೊಂದು ಬಾಕಿ. ಅಕ್ಕ ಮಿಷನ್ನಿನ ಮೇಲಿದ್ದ ಬಟ್ಟೆ ಸರಿಸಿ ಕಾಗದಕ್ಕೆ ಜಾಗ ಮಾಡಿದಳು. ಇಪ್ಪತ್ತೆರಡು ವರ್ಷದಲ್ಲಿ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

"ನಿಮ್ಮಿಂದ ಆಫೀಸಿಗೆ ಒಳ್ಳೆ ಹೆಸರು ಬಂತು ಕಣ್ರೀ," ಎಂದರು ಸಾಹೇಬರು. "ಹೊಸ ಸೈರನ್ ಮಂಜೂರಾಗಿದೆ. ಹಳೇದರ ಹತ್ತರಷ್ಟು ಸದ್ದು. ಕೆಟ್ಟಿದೆಯೋ ಇಲ್ಲವೋ ನೋಡೋಕೆ ದಿನಾ ಬೆಳಿಗ್ಗೆ ನೀವು ಹತ್ತು ನಿಮಿಷ ಊದ್ಬೇಕು, ಅಷ್ಟೇ."

ಭಾವ ಪೆನ್ನಿನ ಕ್ಯಾಪ್ ತೆಗೆದಿದ್ದರು. "ಎಲ್ಲಿವರೆಗೂ ಕೇಳಿಸುತ್ತೆ?"

"ಎಲ್ಲಿವರೆಗಾ? ಸಮುದ್ರದ ತಳದವರೆಗೂ ಕೇಳಿಸುತ್ತೆ ಅನ್ಕೊಳ್ಳಿ," ಎಂದು ಸಾಹೇಬರು ತೊಡೆ ತಟ್ಟಿ ನಕ್ಕರು.

ಭಾವ ಪೆನ್ನಿನ ಕ್ಯಾಪ್ ಮುಚ್ಚಿದರು. ಕಾಗದವನ್ನು ಎರಡು ಬೆರಳಿನಿಂದ ಮೆಲ್ಲನೆ ಸಾಹೇಬರ ಕಡೆಗೆ ತಳ್ಳಿದರು. ಸಾಹೇಬರು ನಗು ನಿಲ್ಲಿಸಿ ಅಕ್ಕನ ಮುಖ ನೋಡಿದರು, ನೀವಾದರೂ ಬುದ್ಧಿ ಹೇಳಿ ಎನ್ನುವಂತೆ. ನಾನೂ ನೋಡಿದೆ. ಆ ಮನೆಗಾಗಿ ಊಟ ಬಿಡುತ್ತಿದ್ದ ನಮ್ಮಕ್ಕ ಒಳಗೆ ಹೋಗಿ ಮನೆಯ ಒಡತಿಗೆ ಫೋನ್ ಮಾಡಿದಳು.

"ತಿಂಗಳ ಕೊನೆಗೆ ಬಿಡ್ತಾ ಇದ್ದೀವಿ... ಇಲ್ಲ ಇಲ್ಲ, ಮನೆಯೇನೋ ಚೆನ್ನಾಗಿದೆ... ನೀವೇನೂ ಯೋಚನೆ ಮಾಡ್ಬೇಡಿ. ಇನ್ಮೇಲೆ ಬಾಡಿಗೆಗೆ ಬೇಕಾದಷ್ಟು ಜನ ಬರ್ತಾರೆ."