ಎಣ್ಣೆಯ ಅಂಕಿ ಬೇಡ ಎಂದವರು

ನಮ್ಮ ಮ್ಯಾನೇಜರಿಗೆ ಗಣಿತವೆಂದರೆ ಬಣ್ಣದ ಚಿತ್ರ. ಬೆಂಗಳೂರಿನವರು, ಮಾತಿನಲ್ಲಿ ಮಹಾ ಜಾಣರು. ಅಂಕಿಗಳ ಸಾಲು ಕಂಡರೆ ಮಾತ್ರ ಆಕಳಿಸುತ್ತಿದ್ದರು. ಪುಣೆಯ ನಮ್ಮ ಪುಟ್ಟ ಕಂಪನಿ ಚಾಕಣದ ಕಾರ್ಖಾನೆಗಳಿಗೆ ರೋಬೋಟ್ ಕೈಗಳನ್ನು ಮಾಡಿಕೊಡುತ್ತಿತ್ತು. ಕೈ ಹಿಡಿದ ವಸ್ತು ಜಾರುತ್ತದೋ ಇಲ್ಲವೋ ಎಂದು ಮೊದಲೇ ಲೆಕ್ಕ ಹಾಕುವುದು ನನ್ನ ಕೆಲಸ.

ನಮ್ಮ ರೋಬೋಟ್ ಕೈಗೆ ಮೂರು ಬೆರಳು. ಒಂದು ಬೆರಳು ಜಾರದೆ ಯಾವ ಯಾವ ದಿಕ್ಕಿಗೆ ಒತ್ತಬಲ್ಲದೋ ಅವೆಲ್ಲ ಸೇರಿ ಒಂದು ಶಂಕುವಾಗುತ್ತದೆ. ಅದರ ದುಂಡನ್ನು ಎಂಟು ಚಪ್ಪಟೆ ಮುಖಗಳಾಗಿ ಕತ್ತರಿಸಿ, ಮೂರೂ ಬೆರಳುಗಳ ಶಂಕುಗಳನ್ನು ಕೂಡಿಸಲು ಗಣಿತದ ಸಾಫ್ಟ್‌ವೇರಿಗೆ ಕೊಡುತ್ತಿದ್ದೆ. ಮೇಲಕ್ಕೆತ್ತುವ ದಿಕ್ಕು ಆ ದೊಡ್ಡ ಶಂಕುವಿನೊಳಗೆ ಬಿದ್ದರೆ ಹಿಡಿತ ಗಟ್ಟಿ. ಹೊರಗೆ ಬಿದ್ದರೆ ವಸ್ತು ನೆಲಕ್ಕೆ.

ಆ ಸಲ ಎತ್ತಬೇಕಾಗಿದ್ದದ್ದು ಬೋರಲು ಹಾಕಿದ ಬಕೆಟ್ಟಿನಂಥ ಒಂದು ಕಬ್ಬಿಣದ ಕವಚ, ಮೈಯೆಲ್ಲ ಎಣ್ಣೆ. ಎಣ್ಣೆ ಮೆತ್ತಿದ ಕಬ್ಬಿಣದ ಘರ್ಷಣೆಯ ಅಂಕಿ ಹಾಕಿದಾಗ ಶಂಕು ಕಿರಿದಾಗಿ ದಿಕ್ಕು ಹೊರಗೇ ಬಿತ್ತು. ಮ್ಯಾನೇಜರಿಗೆ ತೋರಿಸಿದೆ.

"ಎಣ್ಣೆ ನಂಬರ್ ಯಾಕ್ರೀ ಹಾಕಿದ್ರಿ? ಡ್ರೈ ನಂಬರ್ ಹಾಕಿ. ಶಂಕು ದೊಡ್ಡದಾಗುತ್ತೆ ಅಲ್ವಾ?"

"ಆಗುತ್ತೆ ಸರ್. ಆದ್ರೆ ಅಲ್ಲಿ ಎಣ್ಣೆ ಇರುತ್ತೆ."

"ಗಟ್ಟಿಯಾಗಿ ಹಿಡಿಯೋಕೆ ಹೇಳೋಣ ಬಿಡಿ. ಶಂಕುಗೆ ನೀಲಿ ಬಣ್ಣ ಕೊಡಿ, ಸ್ಲೈಡಲ್ಲಿ ಚೆನ್ನಾಗಿ ಕಾಣುತ್ತೆ."

ಬಲ ಹೆಚ್ಚಿಸಿದರೆ ಶಂಕು ಅಗಲವಾಗುವುದಿಲ್ಲ ಎಂಬಷ್ಟೂ ತಿಳಿಯದ ಮನುಷ್ಯ. ಒಳಗೊಳಗೇ ಹಲ್ಲು ಕಡಿದೆ. ವರದಿಯಲ್ಲಿ ಒಣ ಅಂಕಿ ಹಾಕಿದೆ. ನೀಲಿ ಬಣ್ಣವನ್ನೂ ಕೊಟ್ಟೆ.

ಪ್ರದರ್ಶನದ ದಿನ ಕಾರ್ಖಾನೆಯಲ್ಲಿ ಆ ಕವಚಗಳನ್ನು ಸಾಲಾಗಿ ಜೋಡಿಸುತ್ತಿದ್ದವರು ಯಾದಗಿರಿ ಕಡೆಯ ಒಬ್ಬ ಹಿರಿಯ ಕಾರ್ಮಿಕ. ನನ್ನ ಕನ್ನಡ ಕೇಳಿ ಹತ್ತಿರ ಬಂದರು. ರೋಬೋಟ್ ಕೈಯ ಮೂರು ಬೆರಳುಗಳನ್ನು ಒಂದು ಕ್ಷಣ ನೋಡಿದರು.

"ಇದು ನಿಲ್ಲಂಗಿಲ್ರಿ ಅಕ್ಕಾರ. ಬಿಗಿ ಹಿಡದಷ್ಟು ಕೆಳಗ ಜಾರ್ತದ. ಬುಡಕ್ಕ ಕೈ ಕೊಟ್ಟು ಎತ್ತಬೇಕ್ರಿ."

ನಾನು ಎರಡು ವಾರ ಕೂತು ಕಂಡುಕೊಂಡದ್ದನ್ನು ಅವರು ನಿಂತಲ್ಲೇ ಹೇಳಿದ್ದರು. ಮ್ಯಾನೇಜರಿಗೆ ತಿಳಿಸಿದೆ. "ಅವ್ರಿಗೇನ್ ಗೊತ್ತು?" ಎಂದು ನಕ್ಕು ಸ್ಲೈಡ್ ಹಾಕಿದರು.

ಕೈ ಕವಚವನ್ನು ಹಿಡಿಯಿತು, ಒಂದು ಗೇಣು ಎತ್ತಿತು. ಕವಚ ಸೋಪಿನ ಬಿಲ್ಲೆಯಂತೆ ಜಾರಿ ಧಡ್ ಎಂದು ಬಿತ್ತು. ಎಲ್ಲರೂ ಹಳದಿ ಗೆರೆಯ ಆಚೆ ನಿಂತಿದ್ದರಿಂದ ಯಾರ ಕಾಲೂ ಜಜ್ಜಿಹೋಗಲಿಲ್ಲ.

"ಸಾಫ್ಟ್‌ವೇರ್ ಬಗ್," ಎಂದರು ನಮ್ಮ ಮಹಾಶಯರು, ಕಣ್ಣು ಮಿಟುಕಿಸದೆ.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಎಣ್ಣೆಯ ಅಂಕಿ ಹಾಕಿದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಬಂತು: ಹೊರಗೆ. ಸಾಫ್ಟ್‌ವೇರ್ ಸುಳ್ಳು ಹೇಳಿಲ್ಲ, ನಾವು ಹೇಳಿಸಿದ್ದೇವೆ ಎಂದೆ. ಮ್ಯಾನೇಜರರ ಮುಖ ಸುಟ್ಟ ಬದನೆಕಾಯಿಯಾಯಿತು. ಅದನ್ನು ನೋಡಿ ಸಂತೋಷಪಟ್ಟೆ; ಸುಳ್ಳೇಕೆ ಹೇಳಲಿ?

ಕಾರ್ಖಾನೆಯ ಎಂಜಿನಿಯರ್, ಮೆದು ಮಾತಿನ ಮರಾಠಿ ಹೆಂಗಸು, ಅವರನ್ನು ಬಿಟ್ಟು ನನ್ನ ಕಡೆಗೇ ತಿರುಗಿದರು. "ಮಗ ಆಧೀ ಕಾ ನಾಹೀ ಸಾಂಗಿತಲಂ?" ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ?

ವರದಿಯ ಕೆಳಗಿದ್ದದ್ದು ನನ್ನ ಸಹಿ.

ಮುಂದೆ ಬೆರಳುಗಳನ್ನು ಕವಚದ ಬುಡಕ್ಕೆ ಸಿಕ್ಕುವಂತೆ ಬಾಗಿಸಿದೆವು. ಹಿಡಿತ ನಿಂತಿತು. ಆ ಉಪಾಯ ತಮ್ಮದೆಂದು ಮ್ಯಾನೇಜರು ಸಭೆಯಲ್ಲಿ ಹೇಳಿಕೊಂಡಾಗ ಎದ್ದು ನಿಂತೆ. ಅದು ಯಾದಗಿರಿಯ ಆ ಹಿರಿಯ ಕಾರ್ಮಿಕರದೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ.